ಲೋಟದ ತಳದ ಚುಕ್ಕಿ

ಸ್ಟೀಲ್ ಲೋಟದ ತಳಕ್ಕೆ ಒಂದು ಚುಕ್ಕಿ ಹಾಕಲು ನಾಲ್ಕು ಸೆಕೆಂಡು ಸಾಕು. ಅದಕ್ಕೆ ನಾನು ಇಷ್ಟು ವರ್ಷಗಳಲ್ಲಿ ಯಾರಿಂದಲೂ ಒಂದು ಪೈಸೆ ತೆಗೆದುಕೊಂಡವನಲ್ಲ. ಅದೇ ಚುಕ್ಕಿಯನ್ನು ಅಳಿಸಬೇಕಾದಾಗ ಪಾಲಿಶ್ ಮಾಡುವವನ ಹತ್ತಿರ ಹೋದೆ. ತಳವನ್ನು ಚಕ್ರಕ್ಕೆ ಹಿಡಿದು ಉಜ್ಜಿ, ಮತ್ತೆ ಹೊಳಪು ಕೊಡಲು ಅವನು ಲೋಟಕ್ಕೆ ಹದಿನೆಂಟು ರೂಪಾಯಿ ಕೇಳಿದ. ಎದ್ದು ಹೊರಟಂತೆ ಮಾಡಿ, ಎರಡು ಹೆಜ್ಜೆ ಇಟ್ಟು, ಹದಿನಾಲ್ಕಕ್ಕೆ ಇಳಿಸಿದೆ. ಹಾಕುವುದು ಪುಕ್ಕಟೆ, ತೆಗೆಯುವುದಕ್ಕೆ ಹದಿನಾಲ್ಕು ರೂಪಾಯಿ. ಹುಟ್ಟಿದಾಗಿನಿಂದ ಚೌಕಾಸಿ ಮಾಡಿಕೊಂಡೇ ಬದುಕಿದವನಿಗೆ ಈ ದರ ಐವತ್ತೆಂಟು ತುಂಬಿದ ಮೇಲೆ ತಿಳಿಯಿತು. ಹೇಗೆ ತಿಳಿಯಿತು ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕುವೆಂಪುನಗರದಲ್ಲಿ ನನ್ನದೊಂದು ಪಾತ್ರೆ ಅಂಗಡಿ. ನಮ್ಮಪ್ಪ ಹೊಲ ಉಳುತ್ತಿದ್ದವರು. ನಾನು ಸೈಕಲ್ಲಿನ ಕ್ಯಾರಿಯರಿಗೆ ಬುಟ್ಟಿ ಕಟ್ಟಿಕೊಂಡು, ಹಳೇ ಸೀರೆ, ಪ್ಯಾಂಟು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತ ಈ ಊರಿನ ಬೀದಿಗಳನ್ನು ಕಲಿತವನು. ಯಾವ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ಅಮ್ಮಾವರಿಗೆ ಮೊದಲು ಬೆಲೆ ಹೇಳಬೇಕು, ಯಾರಿಗೆ ಕೊನೆಗೆ ಹೇಳಬೇಕು, ಇದು ನನ್ನ ಡಿಗ್ರಿ. ಅಂಗಡಿ ಹಾಕಿದ ಮೇಲೆ ಪಾತ್ರೆಯ ಮೇಲೆ ಹೆಸರು ಕೊರೆಯುವ ಮೆಷಿನ್ ತಂದೆ. ಪೆನ್ನಿನ ಹಾಗೆ ಹಿಡಿದು ಬರೆಯುವಂಥದ್ದು, ಜೇನುಹುಳದ ಹಾಗೆ ಗುಂಯ್ ಎನ್ನುತ್ತದೆ. ನನ್ನ ಅಂಗಡಿಯಲ್ಲಿ ಕೊಂಡವರಿಗೆ ಹೆಸರು ಕೊರೆದು ಕೊಡುವುದು ಉಚಿತ.

ಗೃಹಪ್ರವೇಶಕ್ಕೆಂದು ಪಾತ್ರೆ ಕೊಳ್ಳಲು ಬಂದವರಿಗೆ ನಾನೇ ಪಟ್ಟಿ ಬರೆದುಕೊಡುತ್ತಿದ್ದೆ. ಕೊಳದಪ್ಪಲೆ ಇಷ್ಟು, ತಟ್ಟೆ ಇಷ್ಟು, ಲೋಟ ಇಷ್ಟು. ಪಟ್ಟಿಯ ಕೊನೆಗೆ ಒಂದು ಸಾಲು: ‘ಹೊರಗಿನದು – ಲೋಟ ಎರಡು, ತಟ್ಟೆ ಒಂದು.’ ಮನೆ ಕೆಲಸದವರು, ಗ್ಯಾಸ್ ತರುವವರು, ಚರಂಡಿ ಸರಿಮಾಡಲು ಬಂದವರು, ಅವರಿಗೆ. ಅದಕ್ಕೆ ಬೇರೆ ನಮೂನೆಯ ಅಗ್ಗದ ಲೋಟ ಕೊಡುತ್ತಿದ್ದೆ. ಒಂದು ಸಲ ಒಬ್ಬರು ಗಿರಾಕಿ ಗೊಣಗಿದರು: "ಬೇರೆ ಲೋಟ ಇಟ್ರೆ ನೋಡೋರ್ ಕಣ್ಣಿಗೆ ಕುಕ್ಕುತ್ತೆ ಕಣ್ರೀ. ಈಗಿನ ಕಾಲ್ದಲ್ಲಿ ಚೆನ್ನಾಗಿರಲ್ಲ. ಒಂದೇ ಥರ ಇರ್ಬೇಕು, ಆದ್ರೆ ನಮಗ್ ಗೊತ್ತಾಗ್ಬೇಕು." ನಾನು ಒಂದು ನಿಮಿಷ ಯೋಚಿಸಿ, ಅದೇ ಸೆಟ್ಟಿನ ಎರಡು ಲೋಟ ತೆಗೆದು, ತಳಕ್ಕೆ ಒಂದೊಂದು ಚುಕ್ಕಿ ಹಾಕಿ ಕೊಟ್ಟೆ. "ಏನ್ ತಲೆ ರೀ ನಿಮ್ದು!" ಅಂದರು ಅವರು. ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಸರಸ್ವತಿಪುರಂ, ಒಂಟಿಕೊಪ್ಪಲ್‌ನಿಂದೆಲ್ಲ ಹುಡುಕಿಕೊಂಡು ಬಂದರು. ಚುಕ್ಕಿ ನನ್ನ ಸ್ವಂತ ಬುದ್ಧಿ, ಬೇರೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಹೆಮ್ಮೆಯಿತ್ತು.

ಎರಡು ವರ್ಷದ ಹಿಂದೆ ಅಂಗಡಿಗೆ ಒಬ್ಬಳು ಹೆಣ್ಣುಮಗಳು ಬಂದಳು. ದಕ್ಷಿಣ ಆಫ್ರಿಕಾದವಳು. ಮೂವತ್ತರ ಆಸುಪಾಸು, ಎತ್ತರದ ಆಳು, ಅಚ್ಚ ಕಪ್ಪು ಬಣ್ಣ, ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ಒಂದು ಬಾಣಲೆ ಕೈಗೆತ್ತಿಕೊಂಡು, ತಿರುಗಿಸಿ, ತಳವನ್ನು ಬೆರಳಿನಿಂದ ತಟ್ಟಿ ನೋಡಿ, "ಯಜಮಾನರೇ, ಇದರ ಬೆಲೆ ಅತಿಯಾಯಿತು" ಅಂದಳು. ಪಠ್ಯಪುಸ್ತಕ ಎದ್ದು ಬಂದು ಮಾತಾಡಿದ ಹಾಗಿತ್ತು.

"ಅತಿ ಏನಿಲ್ಲಮ್ಮ, ದಪ್ಪ ಸ್ಟೀಲು" ಅಂದೆ.

"ದಪ್ಪವಾಗಿದ್ದರೆ ಶಬ್ದ ಬೇರೆ ಇರುತ್ತದೆ."

ತಟ್ಟಿ ನೋಡಿ ಕೊಳ್ಳುವ ಗಿರಾಕಿ ಸಿಕ್ಕರೆ ನನಗೆ ಹಬ್ಬ. ಕಾಲು ಗಂಟೆ ಜಗ್ಗಾಡಿದೆವು. ಕೊನೆಗೆ ಅವಳು ಹೇಳಿದ ಬೆಲೆಗೇ ಕೊಟ್ಟು, ಸೌಟು ಕೊಸರಿಗೆ ಹಾಕಿದೆ. ಆಮೇಲೆ ವಾರಕ್ಕೊಮ್ಮೆ ಬಂದು ಸ್ಟೂಲಿನ ಮೇಲೆ ಕೂತು ಮಾತಾಡುವುದು ರೂಢಿಯಾಯಿತು. ಮಾನವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು, ಅದಕ್ಕೆಂದೇ ಪುಸ್ತಕದಿಂದ ಕನ್ನಡ ಕಲಿತಿದ್ದಳು. ಬೇರೆ ಬೇರೆ ದೇಶದ ಜನ ಒಬ್ಬರನ್ನೊಬ್ಬರು ಬಣ್ಣದಿಂದ, ಹುಟ್ಟಿನಿಂದ ಹೇಗೆ ದೂರ ಇಡುತ್ತಾರೆ ಎನ್ನುವುದು ಅವಳ ವಿಷಯ. ಅವಳ ದೇಶದಲ್ಲಿ ಬೆಂಚು, ಬಸ್ಸು, ಸಮುದ್ರದ ದಡವನ್ನೂ ಬಣ್ಣದ ಲೆಕ್ಕದಲ್ಲಿ ಹಂಚಿದ್ದರಂತೆ.

"ಜನರನ್ನು ಕೇಳಿದರೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ" ಅನ್ನುತ್ತಿದ್ದಳು. "ಆದ್ದರಿಂದ ನಾನು ವಸ್ತುಗಳನ್ನು ಕೇಳುತ್ತೇನೆ. ಬಾಗಿಲು ಎಷ್ಟು, ನಲ್ಲಿ ಎಷ್ಟು, ಕುರ್ಚಿ ಯಾರದು."

"ನಮ್ಮಲ್ಲಿ ಅಂಥದ್ದೆಲ್ಲಾ ಇಲ್ಲ ಕಣಮ್ಮ. ನಾವೆಲ್ಲಾ ಒಂದೇ ಬಣ್ಣ. ಅದು ಬಿಳಿಯರ ರೋಗ" ಅಂದಿದ್ದೆ ನಾನು. ಚುಕ್ಕಿ ಹಾಕುವ ಮೆಷಿನ್ ನನ್ನ ಮೊಣಕೈ ಹತ್ತಿರವೇ ಇತ್ತು.

ಅವಳಿಗೆ ಮನೆ ಸಿಕ್ಕಿದ್ದು ಬಹಳ ಕಷ್ಟದಿಂದ. ಹನ್ನೊಂದು ಮನೆ ನೋಡಿದ್ದಳಂತೆ. "ಫೋನಿನಲ್ಲಿ ಖಾಲಿ ಇದ್ದ ಮನೆ, ನನ್ನ ಮುಖ ನೋಡಿದ ಕೂಡಲೇ ತುಂಬಿಹೋಗುತ್ತಿತ್ತು" ಎಂದು ನಕ್ಕಿದ್ದಳು. ಹನ್ನೆರಡನೆಯದು ಸರಸ್ವತಿಪುರಂನ ಒಂದು ಮನೆಯ ಮಹಡಿ ರೂಮು. ಅದರ ಒಡತಿ ಬ್ಯಾಂಕಿನಿಂದ ನಿವೃತ್ತರಾದ ಅಮ್ಮಾವರು, ನನ್ನ ಹಳೇ ಗಿರಾಕಿ. ಒಳ್ಳೆಯ ಹೆಂಗಸು. ಈ ಹುಡುಗಿಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಾಸಿ ಮೇಲಕ್ಕೆ ಹೊತ್ತಿದ್ದರು. ಹೋದ ವರ್ಷ ಬೇಸಿಗೆಯ ಹೊತ್ತಿಗೆ ಪ್ರಬಂಧ ಬರೆದು ಮುಗಿಸಲು ಅವಳಿಗೆ ಇನ್ನು ನಾಲ್ಕು ತಿಂಗಳು ಬೇಕಿತ್ತು. ಆ ನಾಲ್ಕು ತಿಂಗಳು ತಲೆಯ ಮೇಲೆ ಸೂರು ಉಳಿಯಬೇಕು, ವೀಸಾ ಮುಗಿಯುವುದರೊಳಗೆ ಬರವಣಿಗೆ ಮುಗಿಯಬೇಕು. ಹದಿಮೂರನೇ ಮನೆ ಹುಡುಕಲು ಅವಳಲ್ಲಿ ಸಮಯವೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ.

ಆ ಸಮಯದಲ್ಲೇ ಒಂದು ಮಧ್ಯಾಹ್ನ ಅವಳು ಕೈಚೀಲದಿಂದ ಒಂದು ಲೋಟ ತೆಗೆದು ನನ್ನ ಮುಂದಿಟ್ಟಳು.

"ಇದೇ ನಮೂನೆಯ ಐದು ಲೋಟ ಬೇಕು. ಮನೆಯ ಅಮ್ಮನವರಿಗೆ ಉಡುಗೊರೆ."

"ಇದೆ, ಕೊಡ್ತೀನಿ."

"ಕೆಳಗಿನ ಚುಕ್ಕಿಯೂ ಇರಬೇಕು."

ಲೋಟ ತಿರುಗಿಸಿದೆ. ನನ್ನದೇ ಚುಕ್ಕಿ.

ಅವಳು ಖುಷಿಯಲ್ಲಿ ಹೇಳುತ್ತಲೇ ಇದ್ದಳು: "ಏಳು ತಿಂಗಳಿನಿಂದ ಅಮ್ಮನವರು ನನಗೆ ಪ್ರತಿದಿನ ಇದೇ ಲೋಟದಲ್ಲಿ ಕಾಫಿ ಕೊಡುತ್ತಾರೆ. ಬೇರೆ ಲೋಟ ಕೊಟ್ಟದ್ದೇ ಇಲ್ಲ. ನನಗೆಂದೇ ಗುರುತು ಹಾಕಿ ಇಟ್ಟಿದ್ದಾರೆ. ಮನೆಯ ಮಕ್ಕಳಿಗೆ ಇಡುತ್ತಾರಲ್ಲ, ಹಾಗೆ. ಹೊರಡುವ ಮೊದಲು ಅವರಿಗೂ ಅದೇ ಗುರುತಿನದು ಕೊಡಬೇಕು. ನಾವು ಒಂದೇ ಮನೆಯವರು ಎಂದು."

ಆಗ ಹೇಳಬೇಕಿತ್ತು. ಹೇಳಿದರೆ ಹೋಗಿ ಕೇಳುತ್ತಾಳೆ, ಕೇಳಿದರೆ ರೂಮು ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಗಿರಾಕಿ ಕೇಳಿದ್ದನ್ನು ಇಲ್ಲ ಅನ್ನುವ ಅಭ್ಯಾಸವೇ ನನಗಿಲ್ಲ. ಐದು ಲೋಟ ತೆಗೆದು ಸಾಲಾಗಿ ಬೋರಲು ಹಾಕಿದೆ. ಮೆಷಿನ್ ಗುಂಯ್ ಅಂದಿತು. ಐದು ಚುಕ್ಕಿ, ಇಪ್ಪತ್ತು ಸೆಕೆಂಡು. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕೊಟ್ಟೆ. ರಿಬ್ಬನ್ನಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಾಲ್ಕನೇ ದಿನ ಅಮ್ಮಾವರ ಫೋನು ಬಂತು.

"ಪಾತ್ರೆಯವ್ರೇ, ಏನ್ರೀ ಇದು? ಎಲ್ಲಾ ಲೋಟಕ್ಕೂ ಚುಕ್ಕಿ ಹಾಕಿ ಕಳ್ಸಿದೀರಲ್ಲ!"

"ಅದು... ಅವರೇ ಹಾಕಿ ಅಂದ್ರು ಅಮ್ಮಾವ್ರೇ."

"ನಾನ್ ನೋಡ್ಲೇ ಇಲ್ಲ. ಹೊಸಾದು ಅಂತ ತೊಳ್ದು ನಮ್ಮ ಲೋಟದ ಜೊತೆಗೇ ಜೋಡಿಸ್ಬಿಟ್ಟೆ. ನಿನ್ನೆ ನಮ್ಮಣ್ಣ, ಅತ್ತಿಗೆ ಬಂದಿದ್ರು. ಕಾಫಿ ಕುಡ್ದು ಲೋಟ ಕೆಳಗಿಟ್ಮೇಲೆ ನೋಡ್ತೀನಿ, ಚುಕ್ಕಿ! ನಮ್ಮಣ್ಣಂಗೆ ಚುಕ್ಕಿ ಲೋಟದಲ್ಲಿ ಕೊಟ್ಟಿದೀನಿ! ಈಗ ಯಾವುದು ಒಳಗಿಂದು, ಯಾವುದು ಹೊರಗಿಂದು? ನಾವು ಎದ್ರಲ್ಲಿ ಕುಡಿಯೋದು ಹೇಳಿ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಅವ್ಳು ಬೇಕು ಅಂತ್ಲೇ ಮಾಡಿದಾಳೆ. ಅದೇ ತಾನೇ ಅವ್ಳು ಓದೋದು? ಗಂಜಿ ಕಾಸಿಕೊಟ್ಟಿದ್ದಕ್ಕೆ ನನ್ನ ಮುಖಕ್ಕೆ ಹೊಡೆದ ಹಾಗೆ ಉಡುಗೊರೆ ಕೊಟ್ಳು. ತಿಂಗಳ ಕೊನೆಗೆ ರೂಮು ಖಾಲಿ ಮಾಡಮ್ಮ ಅಂದ್ಬಿಟ್ಟೆ."

ತಿಂಗಳ ಕೊನೆಗೆ ಹನ್ನೆರಡು ದಿನ ಇತ್ತು.

ಮನೆಗೆ ಹೋದವನೇ ಹೆಂಡತಿಗೆ ಎಲ್ಲ ಹೇಳಿ, "ಏನ್ ಜನಾನೋ! ಓದಿದೋರು ಬೇರೆ" ಅಂದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ಹಿತ್ತಲ ಬಾಗ್ಲು ಕಿಟಕಿ ಮೇಲೆ ನೋಡ್ಬುಟ್ಟು ಬನ್ನಿ, ಆಮೇಲ್ ಮಾತಾಡಿ" ಅಂದಳು.

ಹೋಗಿ ನೋಡಿದೆ. ಒಂದು ಲೋಟ, ಒಂದು ತಟ್ಟೆ ಬೋರಲಾಗಿದ್ದವು. ಎರಡರ ತಳದಲ್ಲೂ ಚುಕ್ಕಿ. ನಮ್ಮ ಮನೆ ಪಾತ್ರೆ ತೊಳೆಯಲು ಒಂಬತ್ತು ವರ್ಷದಿಂದ ಬರುವ ಹೆಂಗಸಿನದು. ಮಗಳ ಮದುವೆಯಲ್ಲಿ ನಮ್ಮ ಜೊತೆ ನಿಂತು ಕಣ್ಣೀರು ಹಾಕಿದವಳು.

"ಇದನ್ನ ಯಾವಾಗ ಇಟ್ಟೆ?"

"ನಾನೆಲ್ ಇಟ್ಟೆ? ನೀವೇ ಅಂಗಡಿಯಿಂದ ತಂದ್ಕೊಟ್ರಿ. ಮನೆ ಅಂದ್ಮೇಲೆ ಒಂದ್ ಜೊತೆ ಇರ್ಬೇಕು ಕಣೇ ಅಂದ್ರಿ."

ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಇಪ್ಪತ್ತು ವರ್ಷದ ಹಿಂದಿನ ಬಾಕಿಗಿರಾಕಿಯ ಮುಖ ನೆನಪಿಟ್ಟುಕೊಂಡಿರುವ ನನ್ನ ತಲೆಯಿಂದ ಇದೊಂದು ಸಲೀಸಾಗಿ ಜಾರಿಹೋಗಿತ್ತು. ಆ ತಟ್ಟೆ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ಎತ್ತುವ ಮೊದಲೇ ಆ ಹುಡುಗಿ ಬಂದು ನಿಂತಿದ್ದಳು. "ಯಜಮಾನರೇ, ಉಡುಗೊರೆಯಿಂದ ಅಮ್ಮನವರಿಗೆ ಕೋಪ ಬಂದಿದೆ. ಮನೆ ಬಿಡಲು ಹೇಳಿದ್ದಾರೆ. ನಾನು ಏನು ತಪ್ಪು ಮಾಡಿದೆ?"

ಹೇಳಿದೆ. ಚುಕ್ಕಿ ಯಾರ ಬುದ್ಧಿ ಎನ್ನುವುದರಿಂದ ಹಿಡಿದು ನಮ್ಮ ಹಿತ್ತಲ ಕಿಟಕಿಯವರೆಗೂ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ನೋಟ್‌ಬುಕ್ ತೆಗೆದು, ಹಿಂದಿನ ಹಾಳೆಗಳನ್ನು ಮಗುಚಿ, ಇಂಗ್ಲಿಷಿನಲ್ಲಿ ಬರೆದಿದ್ದ ಒಂದು ಸಾಲನ್ನು ಕನ್ನಡದಲ್ಲಿ ನಿಧಾನವಾಗಿ ಓದಿದಳು: "ಅತಿಥಿಗೆಂದು ಪ್ರತ್ಯೇಕ ಲೋಟವನ್ನು ಗುರುತು ಮಾಡಿ ಇಡುತ್ತಾರೆ. ಆತ್ಮೀಯತೆ."

ಪುಸ್ತಕ ಮುಚ್ಚಿದಳು.

"ನನ್ನ ಅಜ್ಜಿ ಒಬ್ಬ ಬಿಳಿಯ ಹೆಂಗಸಿನ ಮನೆಯಲ್ಲಿ ಅಡಿಗೆ ಮಾಡುತ್ತಿದ್ದಳು. ಅವಳಿಗೆ ಒಂದು ತಗಡಿನ ಮಗ್ಗು. ನೀಲಿ ಅಂಚಿನದು. ಅಡಿಗೆಮನೆಯ ಹಿಂದೆ ಮೊಳೆಗೆ ತೂಗುಹಾಕುತ್ತಿದ್ದರು. ಆ ಮನೆಯ ಎಲ್ಲ ಅಡಿಗೆಯನ್ನೂ ಅವಳ ಕೈ ಮುಟ್ಟುತ್ತಿತ್ತು, ಆದರೆ ಅವಳು ಕುಡಿದ ಲೋಟವನ್ನು ಅವರು ಮುಟ್ಟುತ್ತಿರಲಿಲ್ಲ. ಆ ಮಗ್ಗನ್ನು ನೋಡಿಯೇ ನಾನು ಈ ಓದಿಗೆ ಬಂದದ್ದು. ಆರು ವರ್ಷ ಇದನ್ನೇ ಓದಿದೆ. ಏಳು ತಿಂಗಳು ಅದರಲ್ಲೇ ಕಾಫಿ ಕುಡಿದೆ. ಗೊತ್ತಾಗಲಿಲ್ಲ."

"ಮಗ್ಗು ಬೇರೆ ಥರ ಕಾಣ್ತಿತ್ತಲ್ಲಮ್ಮ. ಇದು ಒಂದೇ ಥರ ಕಾಣುತ್ತೆ" ಅಂದೆ. ಸಮಾಧಾನಕ್ಕೆ ಹೇಳಿದ ಮಾತು. ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ನನಗೇ ತಿಳಿಯಿತು. ಅಷ್ಟು ದೂರದ ಆ ಬಿಳಿಯ ಹೆಂಗಸಿಗೆ ಹೊಳೆಯದೆ ಹೋದ ಉಪಾಯ ನನಗೆ ಹೊಳೆದಿತ್ತು.

ಅಂಗಡಿ ತೆರೆಯದೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸರಸ್ವತಿಪುರಂಗೆ ಹೊರಟೆ. ಅಮ್ಮಾವರು ವರಾಂಡದಲ್ಲೇ ಇದ್ದರು. ನಾವಿಬ್ಬರೂ ಅಲ್ಲಿದ್ದ ಬೆಂಚಿನ ಮೇಲೆ ಕೂತೆವು. ನಾನು ಪೀಠಿಕೆ ಹಾಕದೆ, "ಅಮ್ಮಾವ್ರೇ, ಈ ಮಗೂಗೆ ಚುಕ್ಕಿ ಅರ್ಥ ಗೊತ್ತಿರ್ಲಿಲ್ಲ. ನೀವು ಪ್ರೀತಿಯಿಂದ ಗುರುತು ಹಾಕಿಸಿದೀರ ಅಂದ್ಕೊಂಡಿತ್ತು. ಗೊತ್ತಿದ್ದೂ ಹಾಕಿ ಕೊಟ್ಟೋನು ನಾನು. ಬಯ್ಯೋದಿದ್ರೆ ನನ್ನ ಬಯ್ರಿ" ಅಂದೆ.

ಅಮ್ಮಾವರು ಅವಳ ಮುಖ ನೋಡಿದರು. "ಪ್ರೀತಿಯಿಂದ ಅಂದ್ಕೊಂಡಿದ್ಯಾ?"

"ಹೌದು ಅಮ್ಮ. ಹಾಗೆಂದೇ ಬರೆದುಕೊಂಡಿದ್ದೆ."

ಅಮ್ಮಾವರ ಮುಖ ಕಪ್ಪಿಟ್ಟಿತು. "ಕಾಫಿ ತರ್ತೀನಿ" ಎಂದು ಒಳಗೆ ಹೋದರು. ನಮ್ಮ ಊರಿನಲ್ಲಿ ಜಗಳವಾಡಲು ಬಂದವರಿಗೂ ಕಾಫಿ ತಪ್ಪುವುದಿಲ್ಲ. ಹತ್ತು ನಿಮಿಷ ಬಿಟ್ಟು ತಟ್ಟೆಯಲ್ಲಿ ಎರಡು ಲೋಟ ತಂದಿಟ್ಟರು. ಒಂದು ಅವಳಿಗೆ, ಒಂದು ನನಗೆ. ಆ ಮನೆಯ ಕಾಫಿ ನನಗೆ ಹೊಸದಲ್ಲ. ಪಾತ್ರೆ ತಲುಪಿಸಲು ಹೋದಾಗಲೆಲ್ಲ, ಇದೇ ಬೆಂಚಿನ ಮೇಲೆ, ಇಪ್ಪತ್ತು ವರ್ಷದಿಂದ ಕುಡಿಯುತ್ತ ಬಂದಿದ್ದೇನೆ. ಕುಡಿದು ಕೆಳಗಿಡುವಾಗ ಬೆರಳು ತಾನಾಗಿಯೇ ಲೋಟದ ತಳಕ್ಕೆ ಹೋಯಿತು. ಏನೋ ಒರಟಾಗಿ ತಗುಲಿತು. ತಿರುಗಿಸಿದೆ.

ಚುಕ್ಕಿ. ಹೊಸದಲ್ಲ, ಹಳೆಯದು. ಮೊದಮೊದಲು ನನ್ನ ಕೈ ಪಳಗದಿದ್ದಾಗ ಸೂಜಿ ಜಾರಿ ಚುಕ್ಕಿಯ ಪಕ್ಕ ಒಂದು ಸಣ್ಣ ಬಾಲ ಬರುತ್ತಿತ್ತು. ಇದಕ್ಕೂ ಬಾಲವಿತ್ತು. ಈ ಮನೆಯ ಗೃಹಪ್ರವೇಶದ ಪಟ್ಟಿಯನ್ನು ನಾನೇ ಬರೆದಿದ್ದೆ. ಕೊನೆಯ ಸಾಲನ್ನೂ ನಾನೇ ಬರೆದಿದ್ದೆ. ಆ ಸಾಲಿನಲ್ಲಿ ನಾನೂ ಇದ್ದೇನೆ ಎಂದು ಇಪ್ಪತ್ತು ವರ್ಷ ತಿಳಿದಿರಲಿಲ್ಲ.

ನಾನು ಅವರ ಮುಖ ನೋಡಿದೆ. ಅವರೂ ನೋಡಿದರು.

"ಅದು ನಿಮಗೆ ಅಂತಲ್ಲ ಪಾತ್ರೆಯವ್ರೇ" ಅಂದರು ಸಣ್ಣ ದನಿಯಲ್ಲಿ. "ಹೊರಗೆ ಕೂರೋರಿಗೆ ಅಂತ. ಮೊದ್ಲಿಂದ ಹಾಗೇ ಬಂದ್ಬಿಟ್ಟಿದೆ."

"ನಾನ್ ಎಲ್ ಕೂತಿದೀನಿ ಅಮ್ಮಾವ್ರೇ?"

ಹುಡುಗಿ ತನ್ನ ಲೋಟವನ್ನು ತಿರುಗಿಸಿ ನೋಡದೆ ಹಾಗೇ ತಟ್ಟೆಗೆ ಇಟ್ಟಳು.

ನನಗೆ ಎದ್ದು ಬಂದುಬಿಡಬೇಕು ಅನ್ನಿಸಿತು. ಆದರೆ ವ್ಯಾಪಾರದಲ್ಲಿ ನಾನು ಕಲಿತದ್ದು ಒಂದೇ: ಸಿಟ್ಟು ಬಂದಾಗ ಎದ್ದು ಹೋದವನು ಬರಿಗೈಯಲ್ಲಿ ಹೋಗುತ್ತಾನೆ. ನಾನು ಬಂದದ್ದು ನನ್ನ ಮಾನದ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಅಲ್ಲ, ಅವಳಿಗೆ ನಾಲ್ಕು ತಿಂಗಳು ಕೇಳಲು. ಎದುರಿನವರು ನಾಚಿಕೊಂಡಿರುವ ಗಳಿಗೆಗಿಂತ ಒಳ್ಳೆಯ ಸಮಯ ಚೌಕಾಸಿಗೆ ಇಲ್ಲ. ಕೇಳಿಯೇಬಿಟ್ಟೆ.

"ಅಮ್ಮಾವ್ರೇ, ಈ ಮಗು ಬರವಣಿಗೆ ಮುಗ್ಸೋವರ್ಗೂ ಇಲ್ಲೇ ಇರ್ಲಿ. ಬಾಡಿಗೆ ಏರಿಸ್ಬೇಡಿ. ಮನೇಲಿರೋ ಎಲ್ಲಾ ಲೋಟ ನನ್ ಕೈಗೆ ಕೊಡಿ, ಚುಕ್ಕಿ ತೆಗೆಸ್ಕೊಂಡ್ ಬರ್ತೀನಿ. ಖರ್ಚು ನಂದು."

"ಗುರುತಿಲ್ದೆ ಹೇಗ್ರೀ? ಎಲ್ಲಾ ಕಲೆತುಹೋಗುತ್ತೆ."

"ಕಲೆತುಹೋಗ್ಲಿ ಅಂತ್ಲೇ ಹೇಳ್ತಿರೋದು."

ಅಮ್ಮಾವರು ತಟ್ಟೆಯನ್ನು ಕೈಗೆತ್ತಿಕೊಂಡರು. ಆಮೇಲೆ ಅವಳ ಕಡೆ ತಿರುಗಿ, "ಇರಮ್ಮ. ಓದು ಮುಗಿಸ್ಕೊಂಡೇ ಹೋಗು" ಅಂದರು. ಒಳಗಿನಿಂದ ಹಳೆಯದು, ಹೊಸದು ಸೇರಿ ಏಳು ಚುಕ್ಕಿ ಲೋಟ ತಂದು ನನ್ನ ಚೀಲಕ್ಕೆ ಹಾಕಿದರು. ಆರನ್ನು, ನಮ್ಮ ಹಿತ್ತಲ ಕಿಟಕಿಯ ಲೋಟ, ತಟ್ಟೆಯ ಜೊತೆಗೆ, ಪಾಲಿಶ್‌ಗೆ ಕೊಟ್ಟೆ. ಬಾಲವಿದ್ದದ್ದನ್ನು ಮಾತ್ರ ನಾನೇ ಇಟ್ಟುಕೊಂಡು, ಅದರ ಬದಲು ಹೊಸದೊಂದು ಸೇರಿಸಿ ತಲುಪಿಸಿದೆ. ಅಂಗಡಿಗೆ ಬರುವ ಹಳೇ ಗಿರಾಕಿಗಳಿಗೆಲ್ಲ, ‘ಚುಕ್ಕಿ ಲೋಟ ತನ್ನಿ, ಪುಕ್ಕಟೆ ತೆಗೆಸಿಕೊಡುತ್ತೇನೆ’ ಎಂದು ಹೇಳಿದೆ. ಎಷ್ಟೋ ಮನೆಗೆ ಹಾಕಿಕೊಟ್ಟಿದ್ದೇನೆ, ಸಾಲುಗಟ್ಟುತ್ತಾರೆ ಅಂದುಕೊಂಡಿದ್ದೆ. ನಾಲ್ಕು ಜನ ಬಂದರು. ಮಿಕ್ಕವರು, "ನಮ್ಮಲ್ಲಿ ಅಂಥದ್ದೆಲ್ಲಾ ಇಲ್ಲ" ಅಂದರು. ನಾನೂ ಒಂದು ಕಾಲದಲ್ಲಿ ಹೇಳಿದ್ದ ಮಾತೇ, ಅಕ್ಷರ ಬದಲಾಗಿರಲಿಲ್ಲ.

ಹುಡುಗಿ ಆ ರೂಮಿನಲ್ಲೇ ಕೂತು ಪ್ರಬಂಧ ಮುಗಿಸಿದಳು. ಊರಿಗೆ ಹೊರಡುವ ಹಿಂದಿನ ದಿನ ಹೇಳಿಹೋಗಲು ಬಂದಳು. "ಅಮ್ಮಾವ್ರು ಚೆನ್ನಾಗಿ ನೋಡ್ಕೊಂಡ್ರಾ?" ಎಂದು ಕೇಳಿದೆ.

"ಚೆನ್ನಾಗಿ ನೋಡಿಕೊಂಡರು. ಕಾಫಿ ಒಂದು ದಿನವೂ ತಪ್ಪಿಸಲಿಲ್ಲ."

"ಯಾವ ಲೋಟದಲ್ಲಿ?"

"ಪೇಪರ್ ಕಪ್ಪಿನಲ್ಲಿ. ಹೊರಗಿನಿಂದ ಬಂದವರಿಗೆಲ್ಲ ಈಗ ಅದೇ."

ಪೇಪರ್ ಕಪ್ಪಿನ ಕಟ್ಟುಗಳು ನನ್ನ ಅಂಗಡಿಯ ಬಾಗಿಲಲ್ಲೇ ನೇತಾಡುತ್ತಿದ್ದವು. ಆ ಎರಡು ಮೂರು ತಿಂಗಳು ಅವುಗಳ ವ್ಯಾಪಾರ ಯಾಕೆ ಜೋರಾಗಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಬಾಲದ ಚುಕ್ಕಿಯ ಲೋಟವನ್ನು ಅವಳು ಕೇಳಿದಳು, ಅಜ್ಜಿಯ ಮಗ್ಗಿನ ಪಕ್ಕ ಇಡುತ್ತೇನೆ ಎಂದು. ಕೊಟ್ಟೆ. ಅವಳು ಬೆಲೆ ಕೇಳಲಿಲ್ಲ, ನಾನು ಹೇಳಲಿಲ್ಲ.

ಓದುತ್ತಿರುವ ನಿಮಗೆ ನನ್ನದೊಂದು ಮಾತು. ಎದ್ದು ಅಡಿಗೆಮನೆಗೆ ಹೋಗಿ. ಲೋಟ, ತಟ್ಟೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಹಿತ್ತಲ ಕಿಟಕಿ, ನಲ್ಲಿಕಟ್ಟೆ, ಮೆಟ್ಟಿಲ ಕೆಳಗೆ ಮರೆಯಬೇಡಿ. ನಿಮ್ಮ ನೆನಪನ್ನು ನಂಬಬೇಡಿ, ನನ್ನದು ಕೈಕೊಟ್ಟಿತು. ಚುಕ್ಕಿಯೇ ಇರಬೇಕೆಂದಿಲ್ಲ, ಅಂಚು ಸೊಟ್ಟಗಿರುವುದು, ಹಿಡಿ ಮುರಿದದ್ದು, ಯಾವ ಸೆಟ್ಟಿಗೂ ಸೇರದ್ದು, ಅದೂ ಗುರುತೇ. ಚುಕ್ಕಿ ಸಿಕ್ಕಿದರೆ ಪಾಲಿಶ್‌ನವನ ಹತ್ತಿರ ಒಯ್ಯಿರಿ. ಹದಿನೆಂಟು ಕೇಳುತ್ತಾನೆ, ಹದಿನಾಲ್ಕಕ್ಕೆ ಬರುತ್ತಾನೆ, ಐದಾರು ಒಟ್ಟಿಗೆ ಕೊಟ್ಟರೆ ಹನ್ನೆರಡಕ್ಕೂ ಒಪ್ಪಿಸಬಹುದು. ಪೇಪರ್ ಕಪ್ಪು ಇದಕ್ಕಿಂತ ಅಗ್ಗ ಎಂದು ಯಾರಾದರೂ ಹೇಳಿದರೆ ತೆಗೆದುಕೊಳ್ಳಬೇಡಿ. ನಾನು ಮಾರುವುದನ್ನು ಬಿಟ್ಟೆ. ಲೋಟ ಮನೆಗೆ ವಾಪಸು ಬಂದ ದಿನ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು, ಬೇರೆಯವರಿಗೆ ಜೋಡಿಸಲು ಹೇಳಿ. ಯಾವುದು ಯಾವುದೆಂದು ನಿಮಗೆ ಗೊತ್ತಾಗಬಾರದು. ಮೊದಲ ಕಾಫಿಯನ್ನು ನಿಮ್ಮ ಮನೆ ಕೆಲಸದವರಿಗೆ ಕೊಡಿ, ಮಿಕ್ಕಿದ್ದನ್ನು ನೀವು ಕುಡಿಯಿರಿ. ಮೊದಲ ಗುಟುಕಿಗೆ ಗಂಟಲು ಸ್ವಲ್ಪ ಹಿಡಿಯುತ್ತದೆ. ನನಗೂ ಹಿಡಿಯಿತು. ಕುಡಿದುಬಿಡಿ.